ಆಲೂಗಡ್ಡೆ ತುಂಬಿದ ನೆಲಮಾಳಿಗೆ

ಇದು ಯಾರೋ ಕಟ್ಟಿ ಹೇಳಿದ್ದಲ್ಲ. ನಮ್ಮ ಚಿಕ್ಕಪ್ಪನ ಮಗಳಿಗೇ ಆಗಿದ್ದು. ನಾನು ಅಕ್ಕ ಅಂತಲೇ ಕರೆಯೋದು. ಸುಳ್ಳು ಹೇಳೋಕೂ ಪುರುಸೊತ್ತಿಲ್ಲದ ಹೆಂಗಸು.

ಆವತ್ತು ಅಕ್ಕ, ಭಾವ ಕೊನೇ ಬಸ್ಸಿಳಿದು ಹೊಲದ ದಾರೀಲಿ ನಡೀತಾ ಇದ್ರು. ಭಾವನ ಹೆಗಲ ಮೇಲೆ ಒಂದು ಮೂಟೆ ಆಲೂಗಡ್ಡೆ. ಬೆಳಿಗ್ಗೆ ಪೇಟೆಗೆ ಹೊತ್ಕೊಂಡು ಹೋಗಿದ್ದನ್ನೇ ವಾಪಸ್ ಹೊತ್ಕೊಂಡು ಬರ್ತಾ ಇದ್ರು. ಇಬ್ಬರಿಗೂ ಮಾತಾಡೋ ಶಕ್ತಿ ಇಲ್ಲ. ಚಪ್ಪಲಿ ಸದ್ದು ಮಾತ್ರ... ಸರಕ್... ಸರಕ್...

ಪ್ರತಿ ವರ್ಷ ಒಂದು ಚಿಪ್ಸ್ ಕಾರ್ಖಾನೆಯವರು ಬಂದು ಇವರ ಬೆಳೇನೆಲ್ಲ ಲಾರಿಗೆ ತುಂಬ್ಕೊಂಡು ಹೋಗೋರು. ಆ ವರ್ಷ ಕಾರ್ಖಾನೆ ಮುಚ್ಚಿಹೋಯ್ತು. ಹೋಟೆಲಿನವರು ಫೋನೇ ಎತ್ತಲಿಲ್ಲ. ಬೆಳೆ ಮಾತ್ರ ಯಾವತ್ತೂ ಇಲ್ಲದ ಹಾಗೆ ಬಂದಿತ್ತು. ಮಂಚದ ಕೆಳಗೆ ಆಲೂಗಡ್ಡೆ, ಬಚ್ಚಲ ಪಕ್ಕ ಆಲೂಗಡ್ಡೆ. "ಇನ್ನು ಅವು ಒಳಗೆ, ನಾವು ಅಂಗಳದಲ್ಲಿ" ಅನ್ನೋರು ಭಾವ. ಉಳಿದಿದ್ದನ್ನ ಹೊಲದ ಬಾವಿ ಪಕ್ಕ ಇರೋ ಹಳೇ ಮನೆಯ ನೆಲಮಾಳಿಗೆಗೆ ಸುರಿದ್ರು. ಕತ್ತಲಿದೆ, ತಂಪಿದೆ, ಕೊಳ್ಳೋರು ಸಿಗೋ ತನಕ ಇರುತ್ತೆ ಅಂತ. ಇಲಿ ಬರುತ್ತೆ ಅಂತ ಇದ್ದ ಒಂದೇ ಕಿಂಡಿಗೂ ಗೋಣಿ ತುರುಕಿದ್ರು. ಆ ಮನೇಲಿ ಭಾವನ ತಾತನ ಕಾಲದಿಂದ ಯಾರೂ ವಾಸ ಇಲ್ಲ.

ಬಾವಿ ಹತ್ರ ಬಂದಾಗ ಅಕ್ಕ ನಿಂತಳು.

"ರೀ, ಕೆಳಗೆ ಇಳಿದು ಎಷ್ಟು ದಿನ ಆಯ್ತು. ಕೊಳೆತಿದ್ದನ್ನ ಆರಿಸಿ ಹೋಗೋಣ."

"ಬೆಳಿಗ್ಗೆ ಬಂದ್ರಾಯ್ತು ಕಣೇ."

"ಬೆಳಿಗ್ಗೆ ಇನ್ನೊಂದು ಕೆಲಸ ಇರುತ್ತೆ."

ಮೆಟ್ಟಿಲಿಳಿದು ಅಕ್ಕಾನೇ ಬೀಗ ತೆಗೆದಳು. ಬೀಗ ಹೊರಗಿಂದ ಹಾಕಿತ್ತು, ಒಳಗೆ ಹೋಗೋಕೆ ಬೇರೆ ದಾರಿ ಇಲ್ಲ. ಬಾಗಿಲು ತಳ್ಳಿದಳು. ಎರಡು ಬೆರಳಷ್ಟು ಸರೀತು... ಕಿರ್ರ್... ಆಮೇಲೆ ಮೆಲ್ಲಗೆ ವಾಪಸ್ ಮುಚ್ಕೊಳ್ತು. ಒಳಗೆ ಯಾರೋ ಬೆನ್ನು ಕೊಟ್ಟು ಕೂತ ಹಾಗೆ.

"ರೀ..."

"ರಾಶಿ ಜಾರಿರುತ್ತೆ. ಸರಿ ಪಕ್ಕಕ್ಕೆ."

ಭಾವ ಹೆಗಲು ಕೊಟ್ಟು ನೂಕಿದ್ರು. ಭಾವ ಅಂದ್ರೆ ಮೂಟೆ ಮೇಲೆ ಮೂಟೆ ಹೊರೋ ಆಳು. ಅವರು ಎಷ್ಟು ನೂಕಿದ್ರೋ ಒಳಗಿಂದಲೂ ಅಷ್ಟೇ. ಹೆಚ್ಚಿಲ್ಲ, ಕಮ್ಮಿ ಇಲ್ಲ. ಒಳಗೆ ಒಂದು ಆಲೂಗಡ್ಡೆ ಉರುಳ್ತು... ಗುಡುಗುಡುಗುಡು... ಟಪ್. ಆಮೇಲೆ ಒಂದು ನಿಟ್ಟುಸಿರು.

ಅಕ್ಕ ಬಾಗಿಲ ಹತ್ತಿರ ಬಾಯಿ ತಂದು ಪಿಸುಗುಟ್ಟಿದಳು. "ಯಾರು?"

ಆಮೇಲೆ, ಅಲ್ಲೇ, ಹಲಗೆಯ ಆಚೆ...

"ಒಳಗೆ ಜಾಗ ಇಲ್ಲ."

ಹೆಂಗಸಿನ ದನಿ. ಸಿಟ್ಟಿಲ್ಲ, ಅಳು ಇಲ್ಲ. ದಿನವೆಲ್ಲ ದುಡಿದು ಆಗಷ್ಟೇ ಕೂತವರನ್ನ ಏಳಿಸಿದ್ರೆ ಮಾತಾಡ್ತಾರಲ್ಲ, ಹಾಗಿತ್ತಂತೆ.

ಬೇರೆಯವರಾಗಿದ್ರೆ ಎದ್ದೂ ಬಿದ್ದೂ ಓಡ್ತಿದ್ರು. ಇವರಿಗೆ ಹೆದರೋಕೂ ಸುಸ್ತು. ಭಾವ ಮೆಟ್ಟಿಲ ಮೇಲೆ ಕೂತು ಬೆವರು ಒರೆಸ್ಕೊಂಡ್ರು.

"ಕಳ್ಳರಾದ್ರೆ ತಗೊಂಡು ಹೋಗ್ಲಿ ಬಿಡೇ. ಕೊಳ್ಳೋರಿಲ್ಲ, ಕದಿಯೋರಾದ್ರೂ ಇದ್ದಾರಲ್ಲ."

ಅಕ್ಕ ನಗಲಿಲ್ಲ. ಬೀಗ ಕೈಯಲ್ಲಿ ಹಿಡ್ಕೊಂಡೇ ಮೆಟ್ಟಿಲು ಹತ್ತಿದಳು. ಬಾಗಿಲನ್ನ ಹಾಗೇ ಬಿಟ್ಟು ಮನೆಗೆ ಬಂದ್ರು. ಅವಳು ರಾತ್ರಿಯಿಡೀ ಕಣ್ಣು ಮುಚ್ಚಲಿಲ್ಲ. ಭಾವ ಗೊರಕೆ ಹೊಡೆದ್ರು.

ಬೆಳಿಗ್ಗೆ ಪಕ್ಕದ ಹೊಲದ ಬಾವಿ ತೋಡೋನನ್ನ ಜೊತೆಗೆ ಕರ್ಕೊಂಡು ಹೋದ್ರು. ಬಾಗಿಲು ಬೆರಳಲ್ಲಿ ಮುಟ್ಟಿದ್ರೆ ತೆರ್ಕೊಳ್ತು. ವಾಸನೆ ಮುಖಕ್ಕೆ ಹೊಡೀತು. ಅಕ್ಕ ಕಾಲಿಡೋಕೆ ಹೋದಾಗ ಅವನು ತೋಳು ಹಿಡಿದು ಎಳೆದ. ಲಾಂದ್ರ ಹಚ್ಚಿ, ಬಿದಿರು ಗಳಕ್ಕೆ ಕಟ್ಟಿ, ಒಳಗೆ ಚಾಚಿದ. ದೀಪ ಚಿಕ್ಕದಾಯ್ತು... ಇನ್ನೂ ಚಿಕ್ಕದಾಯ್ತು... ಆರಿಹೋಯ್ತು.

"ಕೊಳೆತು ಗಾಳಿ ಕೆಟ್ಟಿದೆ ತಾಯಿ. ರಾತ್ರಿ ಇಳಿದಿದ್ರೆ ಒಬ್ಬರನ್ನ ಎತ್ತೋಕೆ ಹೋಗಿ ಇನ್ನೊಬ್ಬರೂ ಅಲ್ಲೇ ಬೀಳ್ತಿದ್ರಿ."

ಭಾವ ಅಕ್ಕನ ಕೈ ಹಿಡಿದು ಎರಡು ಮೆಟ್ಟಿಲು ಮೇಲಕ್ಕೆ ಎಳ್ಕೊಂಡ್ರು. ರಾತ್ರಿ ಬಾರದ ಹೆದರಿಕೆ ಆಗ ಬಂತು.

ಕಿಂಡಿಯ ಗೋಣಿ ಕಿತ್ತು, ಬಾಗಿಲು ತೆರೆದಿಟ್ಟು, ದೀಪ ಆರದೆ ಉರಿಯೋ ತನಕ ಯಾರೂ ಇಳೀಲಿಲ್ಲ. ಆಮೇಲೆ ಖಾಲಿ ಮಾಡೋಕೆ ನಾನೂ ಹೋಗಿದ್ದೆ. ಮುಕ್ಕಾಲು ಪಾಲು ಹೊಲಕ್ಕೇ ಗೊಬ್ಬರವಾಯ್ತು. ಗಟ್ಟಿ ಇದ್ದಿದ್ದನ್ನ ಅಕ್ಕಪಕ್ಕದವರು ಹಾಲಿಗೆ, ಜೋಳಕ್ಕೆ ಬದಲು ತಗೊಂಡ್ರು. ಅಕ್ಕ ಆ ವರ್ಷ ಹೇಗೋ ದಾಟಿದಳು. ಮುಂದಿನ ವರ್ಷ ಅರ್ಧ ಹೊಲಕ್ಕಷ್ಟೇ ಬಿತ್ತನೆ.

ನೀವು ನಂಬಿ, ಬಿಡಿ. ರಾಶಿ ಜಾರಿರಲಿಲ್ಲ. ಅದು ಆಚೆ ಗೋಡೆಗೆ ಒರಗಿತ್ತು. ನೆಲದ ತುಂಬ ಕೊಳೆತ ರಸ, ಹಿಮ್ಮಡಿ ಮುಳುಗುವಷ್ಟು. ಬಾಗಿಲ ಹಿಂದೆ ಮಾತ್ರ ಒಬ್ಬರು ಕಾಲು ಮಡಚಿ ಕೂರುವಷ್ಟು ನೆಲ ಬರಿದಾಗಿತ್ತು. ನಾನೇ ಕೈಯಿಟ್ಟು ನೋಡಿದೀನಿ.

ಒಣಗಿತ್ತು.