ಯಾವ ಬಾಗಿಲಲ್ಲಿ ನಿಲ್ತೀರಿ?

ವೇದಿಕೆ ಮೇಲಿರುವ ಅಧ್ಯಕ್ಷರಾದ ಹರ್ಯೋಕೊ ಅವರೇ, ಇವತ್ತು ಸನ್ಮಾನಕ್ಕೆ ಸಿಕ್ಕಿಬಿದ್ದಿರುವ ಪಾಲೂಪಿಯವರೇ, ಕಂಪ್ಯೂಟರ್ ಬಿಟ್ಟು ಬೆಳಕಿಗೆ ಬಂದಿರುವ ಈ ಆಫೀಸಿನ ಹುಡುಗ ಹುಡುಗಿಯರೇ, ಹಿಂದಿನ ಸಾಲಿನಲ್ಲಿ ಅಡುಗೆಮನೆ ಕಡೆಗೇ ಮೂಗು ತಿರುಗಿಸಿಕೊಂಡು ಕೂತಿರುವ ಸಭಿಕರೇ, ಎಲ್ಲರಿಗೂ ಈ ವಾಗಿಮಾನ್ ಮಾಡುವ ವಂದನೆ. ಮದುವೆ ಊಟ ಮಾಡಿಸೋದು ನಮ್ಮ ಕಸುಬು, ಇವತ್ತಿನ ಊಟವೂ ನಮ್ಮದೇ. ಹಾಗಾಗಿ ನನ್ನ ಭಾಷಣ ಮುಗಿಯುವ ತನಕ ಯಾರೂ ಎದ್ದು ಹೋಗುವುದಿಲ್ಲ ಅನ್ನೋ ಧೈರ್ಯ ನನಗಿದೆ.

ನಾನು ಓದಿದ್ದು ಆರನೇ ಕ್ಲಾಸು. ಆಮೇಲೂ ಶಾಲೆಗೆ ಹೋಗಿದ್ದೇನೆ, ವಾರ್ಷಿಕೋತ್ಸವಕ್ಕೆ ಶಾಮಿಯಾನ ಹಾಕೋಕೆ. ಇಂಥವನಿಗೆ ಸಾಫ್ಟ್‌ವೇರ್ ಕಂಪನಿಯ ಹಬ್ಬದಲ್ಲಿ ಏನು ಕೆಲಸ? ಹೇಳುತ್ತೇನೆ.

ಎರಡು ವರ್ಷದ ಹಿಂದೆ ಈ ಆಫೀಸಿಗೆ ಎದೆ ಉಬ್ಬಿಸಿಕೊಂಡು ಬಂದೆ. "ನನಗೊಂದು ಆ್ಯಪ್ ಮಾಡಿಕೊಡಿ. ಗಿರಾಕಿ ಬೆರಳಲ್ಲಿ ಒತ್ತಬೇಕು, ಮದುವೆ ಊಟ ಬುಕ್ ಆಗಿಬಿಡ್ಬೇಕು. ಹುಡುಗ ಹುಡುಗೀನ ಮಾತ್ರ ಅವ್ರೇ ತಂದ್ಕೊಳ್ಳಲಿ" ಅಂದೆ.

ಮೇದಾನ್ ಊರಿನ ತಿಗೋರ್, ಅಗೋ ಅಲ್ಲಿ ನಗುತ್ತಿದ್ದಾನೆ, ಪ್ರೋಗ್ರಾಂ ಬರೆಯುವವನು ಅವನೇ. "ಆಗುತ್ತೆ ಬಾಪಾಕ್, ಇವತ್ತೇ ಶುರು ಹಚ್ಕೋತೀನಿ" ಅಂತ ಮರ್ಯಾದೆಯಿಂದ ಅಂದು ಅಂಗಿ ತೋಳು ಮಡಚಿದ. ಗಿರಾಕಿಗೆ ಏನು ಬೇಕು ಅಂತ ಕೇಳಿ ತಿಳಿಯುವ ಕೆಲಸ ಪಾಲೂಪಿಯವರದು, ಅವರು ತಡೆದರು. "ಸ್ವಲ್ಪ ತಾಳು. ಮೊದಲು ಅವ್ರ ಮನೆಗೆ ಹೋಗಿ ಕೂತು ಕೇಳೋಣ. ಏನು ಮಾಡ್ಬೇಕು, ಏನು ಮಾಡ್ಬಾರ್ದು ಅಂತ ತಿಳಿಯೋ ತನಕ ಒಂದು ಸಾಲೂ ಬರೀಬೇಡ."

ನನಗೆ ಸಿಟ್ಟು ಬಂತು. "ಬೇಕು ಅನ್ನೋನು ನಾನು. ನಾನೇ ಇಲ್ಲಿದ್ದೀನಲ್ಲಮ್ಮ, ಇನ್ಯಾರನ್ನ ಕೇಳ್ತೀರಿ?"

"ಬಾಪಾಕ್, ಶಾಮಿಯಾನ ಹಾಕೋ ಮುಂಚೆ ನೀವು ಅಂಗಳ ನೋಡ್ತೀರೋ ಇಲ್ವೋ?"

ನೋಡುತ್ತೇನೆ. ನೋಡದೆ ಹೋದರೆ ಕಂಬ ಬಾವಿಗೆ ಇಳಿಯುತ್ತೆ. ನಾನು ಬಾಯಿ ಮುಚ್ಚಿಕೊಂಡೆ. ಈ ಸೋಲೋ ಪಟ್ಟಣದಲ್ಲಿ ನನ್ನ ಬಾಯಿ ಮುಚ್ಚಿಸಿದವರು ಇಬ್ಬರೇ. ಒಬ್ಬರು ಇವರು. ಇನ್ನೊಬ್ಬಳು ಆ ಬಾಗಿಲಲ್ಲಿ ನಿಂತಿದ್ದಾಳೆ, ನನ್ನ ಹೆಂಡತಿ ಮುರ್ಸಿ.

ನಮ್ಮೂರ ಮದುವೆಯಲ್ಲಿ ತಟ್ಟೆಗಳು ಹಾರಿ ಬರಬೇಕು. ನೆಂಟರು ಕೂತಲ್ಲೇ ಕೂತಿರುತ್ತಾರೆ. ಸೂಪು, ಆಮೇಲೆ ಅನ್ನ, ಕೊನೆಗೆ ಐಸು, ಕೈಯಿಂದ ಕೈಗೆ ದಾಟಿ ಬರುತ್ತೆ. ಮುರ್ಸಿ ಅಡುಗೆಮನೆ ಬಾಗಿಲಲ್ಲಿ ನಿಂತು ಕೈ ಎತ್ತಿದರೆ ಮಾತ್ರ ತಟ್ಟೆ ಹೊರಡುತ್ತೆ. ಎತ್ತದಿದ್ದರೆ, ಮಂತ್ರಿಯೇ ಬಂದು ಕೂತಿದ್ದರೂ ಹಸಿದುಕೊಂಡೇ ಇರಬೇಕು.

ಸರಿ, ಇವರಿಬ್ಬರೂ ನಮ್ಮ ಅಡುಗೆಮನೆಗೆ ಬಂದು ಕೂತರು. ತಿಗೋರ್ ಕೇಳಿದ: "ಯಾವ ದಿನ ಬೇಕಾದ್ರೂ ಬುಕ್ ಮಾಡ್ಬಹುದಾ?" ಮುರ್ಸಿ ಒಲೆ ಕಡೆಗೇ ಮುಖ ಮಾಡಿಕೊಂಡು "ಇಂಗ್ಗಿ" ಅಂದಳು. "ಒಂದೇ ದಿನ ಎರಡು ಮದುವೆ ಹಿಡೀಬಹುದಾ?" "ಇಂಗ್ಗಿ." "ಮದುವೆ ಹಿಂದಿನ ದಿನ ಅಡುಗೆ ಬದಲಾಯಿಸ್ಬಹುದಾ?" "ಇಂಗ್ಗಿ."

ನಮ್ಮ ಇಂಗ್ಗಿ ನಿಮಗೆ ಗೊತ್ತಲ್ಲ? ಹೌದು ಅನ್ನೋದಕ್ಕೂ ಇಂಗ್ಗಿ, ಕೇಳಿಸ್ತು ಅನ್ನೋದಕ್ಕೂ ಇಂಗ್ಗಿ, ಸಾಕು ಎದ್ದು ಹೋಗಪ್ಪ ಅನ್ನೋದಕ್ಕೂ ಇಂಗ್ಗಿ. ಪಾಪ ತಿಗೋರ್! ಅವನ ಊರಲ್ಲಿ ಬೇಡ ಅನ್ನುವವರು ಬೀದಿ ಕೊನೆಗೆ ಕೇಳುವ ಹಾಗೆ ಬೇಡ ಅನ್ನುತ್ತಾರಂತೆ. ಅವನು ಪ್ರತಿ ಇಂಗ್ಗಿಗೂ ಒಪ್ಪಿಗೆ ಅಂತ ಗುರುತು ಹಾಕಿಕೊಂಡ. ನಾನೂ ಪಕ್ಕದಲ್ಲಿ ಕೂತು ಮೀಸೆ ತಿರುವಿದೆ.

ಪಾಲೂಪಿಯವರು ಈ ಸೀಮೆಯವರು. ಅವರು ಮೆಲ್ಲಗೆ ಕೇಳಿದರು: "ಬು ಮುರ್ಸಿ, ಅಮ್ಮಾ, ಎರಡು ಮದುವೆ ಇರೋ ದಿನ ನೀವು ಯಾವ ಬಾಗಿಲಲ್ಲಿ ನಿಲ್ತೀರಿ?"

ಇದಕ್ಕೆ ಇಂಗ್ಗಿ ಅನ್ನೋಕಾಗುತ್ತಾ? ನೀವೇ ಹೇಳಿ, ಆಗುತ್ತಾ?

ಮುರ್ಸಿ ಸೌಟು ಕೆಳಗಿಟ್ಟಳು. "ಯಾವ್ದರಲ್ಲೂ ನಿಲ್ಲಲ್ಲಮ್ಮ. ಈ ಬೆಸಾರ್ ತಿಂಗಳ ಮದುವೆಗಳು ಮುಗೀಲಿ, ನಾನು ವೊನೊಗಿರಿಗೆ ಅಕ್ಕನ ಮನೆಗೆ ಹೋಗ್ತೀನಿ. ಸಣ್ಣದೊಂದು ಸೋತೋ ಸೂಪಿನ ಅಂಗಡಿ ಹಾಕ್ತೀನಿ. ಒಂದು ಪಾತ್ರೆ, ಒಂದು ಬಾಗಿಲು. ನಮ್ಮ ಮಾಸ್‌ಗೆ, ಇವ್ರಿಗೇ, ಹೇಳಿ ಆಗಿದೆ."

"ನನಗಾ? ಯಾವಾಗ ಹೇಳ್ದೆ?"

"ಹೋದ ಬೆಸಾರ್‌ನಲ್ಲಿ. ಆಮೇಲೆ ಹಬ್ಬದ ದಿನ. ಮೊನ್ನೆ ನೀವು ಫೋನ್ ಒತ್ಕೊಂಡು ಕೂತಿದ್ರಲ್ಲ, ಆಗ್ಲೂ."

"ನಾನೇನಂದೆ?"

"ಇಂಗ್ಗಿ ಅಂದ್ರಿ."

ತಿಗೋರನ ಪೆನ್ನು ತೆಂಗಿನ ಹಾಲಿನ ಪಾತ್ರೆಗೆ ಬಿತ್ತು. ಸಭಿಕರೇ, ಗಿರಾಕಿಗಳಿಗೆ ಅಂದು ಅಂದು ನನಗದು ಅಭ್ಯಾಸವಾಗಿಬಿಟ್ಟಿತ್ತು ನೋಡಿ. ಆ ಹೊತ್ತಿಗೆ ಒಂದು ಜೋಕು ಹೇಳೋಣ ಅಂತ ಹುಡುಕಿದೆ. ಸಿಗಲಿಲ್ಲ.

"ಬಾಪಾಕ್, ನಿಮಗೆ ಬೇಕಾಗಿರೋದು ಹೆಚ್ಚು ಮದುವೆಗಳಾ, ಈ ಬಾಗಿಲಾ?" ಪಾಲೂಪಿಯವರ ಪ್ರಶ್ನೆ.

"ಬಾಗಿಲು" ಅಂದೆ.

"ಜೋರಾಗಿ ಹೇಳಿ" ಅಂದಳು ಮುರ್ಸಿ. "ಗಿರಾಕಿ ಬಂದ ಕೂಡ್ಲೇ ನಿಮಗೆ ಮರೆತೋಗುತ್ತೆ."

ಅದೂ ನಿಜವೇ. ಮನೆ ಬಾಗಿಲಿಗೆ ಬಂದವರ ಮುಖ ನೋಡಿ ಇಲ್ಲ ಅನ್ನೋಕೆ ನಮ್ಮ ನಾಲಿಗೆ ಹೊರಳುತ್ತದೆಯೇ? ಹೊರಳುವುದಿಲ್ಲ ಅಂದೆ. "ಹಾಗಾದ್ರೆ ಅದನ್ನೇ ಮಾಡೋಣ, ನಿಮ್ಮ ಬದಲು ಇಲ್ಲ ಅನ್ನೋ ಆ್ಯಪ್" ಅಂದರು ಪಾಲೂಪಿಯವರು.

ಅದನ್ನೇ ಮಾಡಿದರು. ದಿನಕ್ಕೆ ಒಂದೇ ಮದುವೆ. ಎರಡನೆಯವರು ಒತ್ತಿದರೆ, ಕೈಮುಗಿದು ಇಲ್ಲ ಅನ್ನುತ್ತೆ. ಆ ನಿಯಮ ಬದಲಾಯಿಸುವ ಬೀಗದ ಕೈ ಮುರ್ಸಿ ಹತ್ತಿರ ಇದೆ, ನನ್ನ ಹತ್ತಿರ ಇಲ್ಲ. "ಇಷ್ಟೇನಾ?" ಅಂತ ತಿಗೋರ್ ಮುಖ ಸಣ್ಣದು ಮಾಡಿಕೊಂಡ. ಅವನು ಅವತ್ತೇ ಶುರು ಹಚ್ಚಿಕೊಂಡಿದ್ದರೆ ಏನಾಗುತ್ತಿತ್ತು? ಊರಿಗೆಲ್ಲ ಊಟದ ಬುಕಿಂಗು, ನಮ್ಮನೆ ಒಲೆ ತಣ್ಣಗೆ!

ಮುರ್ಸಿ ಹೋಗೋ ಬದಲು ವೊನೊಗಿರಿಯ ಅಕ್ಕನೇ ಈಗ ಇಲ್ಲಿಗೆ ಬಂದು ಸೂಪು ನೋಡಿಕೊಳ್ಳುತ್ತಾಳೆ. ಸೋಮವಾರ ಮದುವೆ ಹಿಡಿಯುವುದಿಲ್ಲ, ಮುರ್ಸಿ ನಮ್ಮ ಮನೆ ಮುಂದೆಯೇ ಸೋತೋ ಮಾರುತ್ತಾಳೆ. ಬಟ್ಟಲು ತೊಳೆಯುವವನು ಯಾರು ಅಂತ ದಯವಿಟ್ಟು ಯಾರೂ ಕೇಳಬೇಡಿ.

ಬೆಳಿಗ್ಗೆ ಈ ಭಾಷಣ ಅವಳ ಮುಂದೆ ಹೇಳಿ, "ಚೆನ್ನಾಗಿದೆಯಾ?" ಅಂತ ಕೇಳಿದೆ.

"ಇಲ್ಲ. ಉದ್ದ ಆಯ್ತು. ಸೂಪು ಆರಿಹೋಗುತ್ತೆ."

ಇಲ್ಲ ಅಂದಳು, ಸ್ವಾಮಿ! ನೇರ ಮುಖಕ್ಕೇ! ನನಗಾದ ಖುಷಿಗೆ ಅರ್ಧ ಭಾಷಣ ಅಲ್ಲೇ ಬಿಟ್ಟು ಬಂದೆ. ಪಾಲೂಪಿಯವರೇ, ಆ ಒಂದು ಇಲ್ಲ ನೀವು ನಮ್ಮ ಮನೆಗೆ ಕೊಟ್ಟದ್ದು. ನಿಮಗೆ...

ಅಗೋ, ಬಾಗಿಲಲ್ಲಿ ಕೈ ಎತ್ತಿದಳು. ಮುಗಿಯಿತು, ಇನ್ನು ಅಧ್ಯಕ್ಷರು ಹೇಳಿದರೂ ನಾನು ಮಾತಾಡುವ ಹಾಗಿಲ್ಲ. ತಟ್ಟೆ ಹೊರಟಿತು, ಎಲ್ಲರೂ ಕಾಲು ಮಡಚಿಕೊಳ್ಳಿ. ಕೇಳಿದವರಿಗೂ, ಕೇಳಿದ ಹಾಗೆ ನಟಿಸಿದವರಿಗೂ ಧನ್ಯವಾದ. ನಮಸ್ಕಾರ.