ಹೂಕುಂಡದ ಕೆಳಗಿನ ರಿಂಗುಗಳು

ಟೈರ್ ಅಂಗಡಿಯ ಬೆಂಚಿನಲ್ಲಿ ನನ್ನ ಪಕ್ಕ ಗಂಡ ಹೆಂಡತಿ ಕೂತಿದ್ದರು. ಎದುರಿಗೆ ಅವರ ಎಲೆಕ್ಟ್ರಿಕ್ ಕಾರು ಒಂದು ಚಕ್ರ ಬಿಚ್ಚಿಸಿಕೊಂಡು ಜಾಕಿನ ಮೇಲೆ ನಿಂತಿತ್ತು. ಆಕೆಯ ಕಾಲು ಒಂದೇ ಸಮನೆ ಕುಣಿಯುತ್ತಿತ್ತು.

“ಸ್ಪೀಡಾಗಿ ಹೋದ್ರೆ ಸ್ಟೇರಿಂಗ್ ನಡುಗುತ್ತೆ ಅಂತ ವಾರದಿಂದ ಬಡ್ಕೋತಿದ್ದೀನಿ.”

“ರಸ್ತೆ ಸರಿಯಿಲ್ಲ ಕಣೇ. ಇಂಜಿನ್ ಸದ್ದಿಲ್ಲದ ಗಾಡೀಲಿ ಸಣ್ಣ ಅಲುಗಾಟಾನೂ ದೊಡ್ಡದು ಅನ್ಸುತ್ತೆ.”

“ಹಳೇ ಚಕ್ರ ಇದ್ದಾಗ ಇದೇ ರಸ್ತೆ ಸರಿಯಿತ್ತಲ್ಲ. ಚೆಂದ ಕಾಣ್ಲಿ ಅಂತ ಅಲಾಯ್ ವೀಲ್ ತರಿಸಿ ಮನೇಲೇ ಹಾಕಿದ್ದು ಯಾರು?”

ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ ಬಂದ. “ಸರ್, ಈ ವೀಲಿನ ನಡುವಿನ ತೂತು ದೊಡ್ಡದು, ಸೆಂಟರಿಗೆ ಕೂತಿಲ್ಲ. ಆ ಸಂದು ತುಂಬೋಕೆ ಡಬ್ಬದಲ್ಲಿ ಬಳೆ ಥರದ ರಿಂಗು ಬಂದಿರ್ಬೇಕಲ್ಲ?”

“ಅದಾ... ಪ್ಯಾಕಿಂಗ್ ಅಂದ್ಕೊಂಡೆ.”

“ಇದ್ರೆ ತನ್ನಿ. ಬ್ಯಾಟರಿ ಗಾಡಿ ಭಾರ ಜಾಸ್ತಿ, ಹಿಂಗೇ ಓಡಿಸ್ಬೇಡಿ.” ಅವನು ಒಳಗೆ ಹೋದ.

“ಅಮ್ಮನ ಹೂಕುಂಡದ ಕೆಳಗಿರೋದು ಅವೇನಾ?” ಆಕೆ ಗಂಡನತ್ತ ತಿರುಗಿದಳು.

“ನಿಮ್ಮಮ್ಮನೇ ಕೇಳಿ ತಗೊಂಡ್ರು.”

“ಒಂದ್ಸಲ ನೀವೇ ಓಡಿಸಿ ನೋಡಿದ್ರೆ ಗೊತ್ತಾಗ್ತಿತ್ತು.”

“ನೋಡ್ದೆ. ಭಾನುವಾರ.”

“ನಡುಗ್ತಾ?”

“ನಡುಗ್ತು.”

ಆಕೆಯ ಕಾಲು ನಿಂತಿತು.

“ಸೋಮವಾರ ಮಕ್ಕಳನ್ನ ಹೈವೇಲಿ ಕರ್ಕೊಂಡು ಹೋದೆ. ಗೇಟಲ್ಲಿ ನಿಂತು ಕೈ ಬೀಸಿದ್ರಿ.”

“ಹಾಕಿದ್ದು ನಾನೇ. ತಪ್ಪಾಗಿದೆ ಅಂತ ಹೆಂಗೆ ಹೇಳ್ಲಿ?”

ಆಕೆ ಅವನ ಕೈಯಿಂದ ಕೀ ತೆಗೆದು ಬ್ಯಾಗಿಗೆ ಹಾಕಿಕೊಂಡು ಎದ್ದಳು. “ನಡೀರಿ, ಬಸ್ಸಲ್ಲಿ ಹೋಗಿ ತರೋಣ. ಕುಂಡ ಎತ್ತುವಾಗ ಯಾಕೆ ಅಂತ ಅಮ್ಮನಿಗೂ ಮಕ್ಕಳಿಗೂ ನೀವೇ ಹೇಳಿ.”

ಬಾಗಿಲು ದಾಟುವಾಗಲೂ ಅವನು ತಿರುಗಿ ಆ ಹೊಳೆಯುವ ಚಕ್ರಗಳನ್ನೇ ನೋಡಿದ.