ಸೂಲಗಿತ್ತಿಯ ಮನೆಯ ಕೀಲಿಕೈ

ಒಂದೂರಲ್ಲಿ ಒಬ್ಬ ಸಾಹುಕಾರ. ಅವನ ಎದುರುಮನೆಯಲ್ಲಿ ಒಬ್ಬ ಮುದುಕಿ, ಒಬ್ಬಳೇ. ನಲವತ್ತು ವರ್ಷ ಸೂಲಗಿತ್ತಿಯಾಗಿ ಆ ಬೀದಿಯ ಅರಚಾಟ ಕಿರುಚಾಟವೆಲ್ಲ ಕೇಳಿ ಸಾಕಾಗಿ, ಈಗ ಮನಸ್ಸು ಬಂದಾಗ ಎದ್ದು, ಬೇಕಾದ್ದು ಬೇಯಿಸಿಕೊಂಡು, ರೇಡಿಯೋ ಜೊತೆ ಜಗಳ ಆಡಿಕೊಂಡು ರಾಣಿಯ ಹಾಗಿದ್ದಳು.

ನೋಡಿ, ಹಾಯಾಗಿರೋರನ್ನ ಕಂಡರೆ ನಮಗೆ ತಡೆಯೋಕಾಗಲ್ಲ. ಹೌದೋ ಅಲ್ಲವೋ?

ಸಾಹುಕಾರ ಬೀದಿಯವರನ್ನೆಲ್ಲ ಕೂಡಿಸಿದ. "ಅಯ್ಯೋ ಪಾಪ, ಒಬ್ಬಳೇ! ಹಿಂದೆ ಬಡ ಹುಡುಗರಿಗೆ ವಾರಾನ್ನ ಹಾಕ್ತಿರಲಿಲ್ವಾ, ದಿನಕ್ಕೊಂದು ಮನೆ ಊಟ? ಅಜ್ಜಿಗೂ ಹಾಗೇ ಮಾಡೋಣ. ಊಟವೂ ಅಲ್ಲೇ, ನಿದ್ದೆಯೂ ಅಲ್ಲೇ. ಅವಳ ಮನೆಗೆ ಬೀಗ ಹಾಕಿ ಕೀಲಿಕೈ ನಾನಿಟ್ಕೊಳ್ತೀನಿ."

ಎಲ್ಲರೂ ತಲೆದೂಗಿದರು. ಧರ್ಮ ಮಾಡೋ ಅವಸರದಲ್ಲಿ ಮುದುಕಿಯನ್ನು ಕೇಳೋದು ಮರೆತರು. ಅದೊಂದೇ ಮರೆತರು!

ಅವರು ಬಂದು ಹೇಳಿದಾಗ ಮುದುಕಿ ತನ್ನ ಮನೆಯೊಳಗೊಮ್ಮೆ ನೋಡಿದಳು. ಆ ಒಲೆ, ಆ ಮೂಲೆ, ಒಮ್ಮೆ ಕೈಬಿಟ್ಟರೆ ಮತ್ತೆ ಸಿಗುತ್ತಾ? ಬೇಡ ಅಂದರೆ ಅರಳು ಮರಳು ಅಂತಾರೆ. ಸೊಂಟದಿಂದ ಕೀಲಿಕೈ ಬಿಚ್ಚಿ ಸಾಹುಕಾರನಿಗೆ ಕೊಟ್ಟಳು. "ಆಗಲಿ ಮಗಾ. ಸೋಮವಾರ ನಿನ್ನ ಮನೆ."

ಸೋಮವಾರ ಬೆಳ್ಳಂಬೆಳಿಗ್ಗೆ ಹೋಗಿ ಅವನ ನಡುಮನೆಯಲ್ಲಿ ಕೂತಳು. ಸೊಸೆಯನ್ನು ಕಂಡಳು. "ಅಯ್ಯೋ ಪಾಪ, ಒಂಬತ್ತು ಜನ! ಹೇಗೆ ತಡ್ಕೊಂಡಿದ್ದೀಯೇ ತಾಯಿ?" ಬಚ್ಚಲ ಮುಂದೆ ಟವೆಲ್ ಹಿಡಿದು ನಿಂತವರನ್ನು ಕಂಡಳು. "ಪಾಪ, ನೀರು ಹುಯ್ಕೊಳ್ಳೋಕೂ ಪಾಳಿ!" ಊಟಕ್ಕೆ ಕೂತ ಸಾಹುಕಾರ ಉಪ್ಪಿನಕಾಯಿ ಕೇಳಿದ, ಹೆಂಡತಿ "ಬಿ.ಪಿ. ಇದೆ" ಅಂತ ಡಬ್ಬಿಯನ್ನೇ ಎತ್ತಿಟ್ಟಳು. "ಪಾಪ ಕಣೋ, ನಾನಾದರೆ ಬೇಕಾದಾಗ ನೆಕ್ತೀನಿ."

ಸಂಜೆ ಹೊತ್ತಿಗೆ ಸಾಹುಕಾರನ ಸಹನೆ ಹರಿದುಹೋಯಿತು. "ಅಲ್ಲಜ್ಜೀ, ಒಬ್ಬಳೇ ಇರೋಕೆ ನಿನಗೆ ಭಯ ಆಗಲ್ವಾ?"

"ಲೋ, ನಿನ್ನನ್ನ ಹೊರಗೆ ಎಳೆದವಳೇ ನಾನು. ನಿನ್ನ ಹಿಂದೆ ಮುಂದೆ ಯಾರೂ ಇರಲಿಲ್ಲ, ಕಣ್ಣಾರೆ ನೋಡಿದೀನಿ. ನೀನು ಒಂದು ಗಳಿಗೆ ಅತ್ತು ಆಮೇಲೆ ಹಾಯಾಗಿ ಮಲಗಿದೆ. ಗಂಡ ಹೋದಾಗ ನಾನೂ ಅತ್ತಿದೀನಿ. ಈಗ ಹಾಯಾಗಿದೀನಿ. ಬೇಕಾದರೆ ಕೂಗ್ತೀನಿ, ಆಗ ಓಡಿ ಬಾ. ಈಗ ಕೀಲಿಕೈ ಕೊಡು."

ಕೊಟ್ಟ. ಮುದುಕಿ ಬೀದಿ ದಾಟಿ ಬೀಗ ತೆಗೆದಳು. ಹಿಂದೆಯೇ ಸಾಹುಕಾರ! "ಅಜ್ಜೀ... ಅರ್ಧ ಗಂಟೆ ನಿನ್ನ ಜಗುಲಿ ಮೇಲೆ ಕೂತಿರಲಾ?"

"ಕೂತ್ಕೋ. ಬಾಯಿ ಬಿಡಬೇಡ. ಉಪ್ಪಿನಕಾಯಿ ಮಾತ್ರ ಕೇಳಲೇಬೇಡ."

ನಗ್ತಿದ್ದೀರಿ. ನಗಿ. ಆ ಸಾಹುಕಾರ ಎಲ್ಲಿದ್ದಾನೆ ಅಂದ್ಕೊಂಡ್ರಿ? ಇಲ್ಲೇ, ಕತೆ ಕೇಳ್ತಿರೋ ನಿಮ್ಮ ನಡುವೆ, ಮುಂದಿನ ಸಾಲಿನಲ್ಲಿದ್ದಾನೆ. ಹಿಂದಿನ ಸಾಲಿನಲ್ಲೂ ಇದ್ದಾನೆ, ಕಂಬಕ್ಕೆ ಒರಗಿಕೊಂಡು! ಉಪಕಾರದ ಹೆಸರಲ್ಲಿ ಇನ್ನೊಬ್ಬರ ಬಾಳಿಗೆ ಬೀಗ ಜಡಿಯೋಕೆ ನೀವ್ಯಾರ್ರೀ? ಒಬ್ಬರೇ ಇರೋ ಹಿರಿಯರ ಬಾಗಿಲಿಗೆ ಹೋಗಿ, ಹೋಗಬೇಡಿ ಅನ್ನಲ್ಲ. 'ಅಯ್ಯೋ ಪಾಪ'ವನ್ನು ಹೊಸ್ತಿಲಾಚೆ ಬಿಟ್ಟು, ಏನಾದರೂ ಬೇಕಾ ಅಂತ ಕೇಳಿ. ಬೇಡ ಅಂದರೆ ಚಪ್ಪಲಿ ಮೆಟ್ಟಿಕೊಂಡು ಸುಮ್ಮನೆ ಹೊರಡಿ. ಮನೆಗೆ ಬಂದು, ಫೋನು ಆರಿಸಿ, ದಿನಾ ಕಾಲು ಗಂಟೆ ನಿಮ್ಮ ಪಾಡಿಗೆ ನೀವು ಕೂತು ನೋಡಿ.

ಆಗಲಿಲ್ಲವಾ?

ಅಯ್ಯೋ ಪಾಪ!